ವಲಸೆಹೋದ ಮೋನರೂ ಅವರ ಮಾತೃಭಾಷೆಯೂ

ಈಗ ಮ್ಯಾನ್ಮಾರ್ ಎಂದು ಕರೆಯಿಸಿಕೊಳ್ಳುವ ಬರ್ಮಾ ದೇಶದ ದಕ್ಷಿಣ ಭಾಗದಲ್ಲಿ, ಸಾಲ್ವೀನ್ ನದಿಯು ಸಮುದ್ರವನ್ನು ಸೇರುವ ಮೌಲ್ಮೇನ್ ಪಟ್ಟಣದ ಸುತ್ತುಮುತ್ತ, ಮೋನರೆಂಬ ಪ್ರಾಚೀನ ಜನಾಂಗವೊಂದು ವಾಸವಾಗಿದೆ. ಇವರ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಆದರೂ ಇವರು ನಮಗೆ ತೀರ ಪರಕೀಯರಲ್ಲ. ಇವರ ಭಾಷೆಯು ನಮ್ಮ ದೇಶದ ಖಾಸಿ, ಸಂತಾಲಿ, ಮುಂಡಾರಿ ಭಾಷೆಗಳಿಗೆ ದೂರದ ಬಂಧು. ಇವರ ಲಿಪಿಯು ದಕ್ಷಿಣ ಭಾರತದ ಬ್ರಾಹ್ಮೀ ಲಿಪಿಯಿಂದ ಹುಟ್ಟಿದುದು. ಕನ್ನಡ ಲಿಪಿಯೂ ಅದೇ ಮೂಲದಿಂದ ಬಂದುದರಿಂದ, ಎರಡರ ದುಂಡಾದ ಅಕ್ಷರಗಳಲ್ಲಿಯೂ ಒಂದೇ ಮನೆತನದ ಹೋಲಿಕೆಯು ಕಾಣಬರುವುದು. ಕ್ರಿ. ಶ. 1113ರ ಸುಮಾರಿನಲ್ಲಿ ಪಗಾನಿನ ರಾಜಕುಮಾರನೆಂಬ ಅರಸುಮಗನು ಹಾಕಿಸಿದ ಮ್ಯಾಜೇದಿ ಶಿಲಾಶಾಸನವು ಪಾಲಿ, ಪ್ಯೂ, ಮೋನ್, ಬರ್ಮೀ ಎಂಬ ನಾಲ್ಕು ಭಾಷೆಗಳಲ್ಲಿದೆ. ಬರ್ಮೀಯರು ಅಕ್ಷರವನ್ನು ಪಡೆದುದು ಮೋನರಿಂದಲೇ ಎಂಬುದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ.

ಇಂಥ ಭಾಷೆಯು ಈಗ ಸುಮಾರು ಎಂಟು ಹತ್ತು ಲಕ್ಷ ಜನರ ನಾಲಗೆಯ ಮೇಲೆ ಮಾತ್ರ ಉಳಿದಿದೆ. ಅವರಲ್ಲಿಯೂ ಅನೇಕರು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರದೇಶವನ್ನು ಸೇರಿರುವರು. ಅಲ್ಲಿ ಬೆಳೆಯುವ ಮಕ್ಕಳಿಗೆ ಮೋನ್ ಅಕ್ಷರಗಳನ್ನು ಕಲಿಸತಕ್ಕವರು ಯಾರು? ಈ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡುವೆವು.

ಮೋನರಿಗೆ ವಲಸೆಯು ಹೊಸದಲ್ಲ. 1757ರಲ್ಲಿ ಬರ್ಮೀ ದೊರೆಯಾದ ಅಲೌಂಗ್‌ಪಯನು ಪೆಗು ನಗರವನ್ನು ಹಿಡಿದು ಮೋನ್ ರಾಜ್ಯವನ್ನು ಕೊನೆಗಾಣಿಸಿದ ಮೇಲೆ, ಅಸಂಖ್ಯ ಕುಟುಂಬಗಳು ಗಡಿಯನ್ನು ದಾಟಿ, ಆಗ ಸಯಾಮ್ ಎನಿಸಿದ್ದ ಥಾಯ್ಲೆಂಡಿಗೆ ಹೋದುವು. 1815ರಲ್ಲಿ ಮತ್ತೊಂದು ದೊಡ್ಡ ತಂಡವು ಹೋಯಿತು. ಸಯಾಮಿನ ಅರಸರು ಪಥುಮ್ ಥಾನಿ, ಫ್ರ ಪ್ರದೇಂಗ್ ಮೊದಲಾದ ಕಡೆಗಳಲ್ಲಿ ಅವರನ್ನು ನೆಲೆಗೊಳಿಸಿ ಆದರಿಸಿದರು. ಮುಂದೆ ಅರಸನಾದ ಮೊಂಗ್ಕುಟನು ತಾನು ಭಿಕ್ಷುವಾಗಿದ್ದಾಗ ಮೋನ್ ಭಿಕ್ಷುಗಳ ಕಟ್ಟುನಿಟ್ಟಾದ ನಡವಳಿಕೆಯನ್ನು ಕಂಡು ಮೆಚ್ಚಿ, ಆ ಮಾದರಿಯಲ್ಲಿ ಧರ್ಮಯುತ್ತಿಕ ಪಂಥವನ್ನು ಸ್ಥಾಪಿಸಿದನು. ಆ ಕಾಲದಲ್ಲಿ ವಿಹಾರವೇ ಪಾಠಶಾಲೆ. ಮೋನ್ ಬಾಲಕರು ತಾಳೆಗರಿಯ ಗ್ರಂಥಗಳನ್ನು ಅಲ್ಲಿಯೇ ಓದಲು ಕಲಿಯುತ್ತಿದ್ದರು. 1921ರಲ್ಲಿ ಥಾಯ್ಲೆಂಡಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯಾಯಿತು. ಪಾಠವೆಲ್ಲ ಥಾಯ್ ಭಾಷೆಯಲ್ಲಿ ನಡೆಯಿತು. ಬಾಲಕರು ವಿಹಾರವನ್ನು ಬಿಟ್ಟು ಶಾಲೆಗೆ ನಡೆದರು. ಮೋನ್ ಅಕ್ಷರಗಳು ವಿಹಾರದಲ್ಲಿಯೇ ಉಳಿದುವು.

ಇದರ ಪರಿಣಾಮವನ್ನು ಇಂದು ಪ್ರತ್ಯಕ್ಷವಾಗಿ ನೋಡಬಹುದು. ಕೋ ಕ್ರೆಟ್ ದ್ವೀಪದ ಮೋನ್ ಕುಂಬಾರರ ಮಣ್ಣಿನ ಪಾತ್ರೆಗಳು ಪ್ರಸಿದ್ಧವಾಗಿವೆ. ಹಬ್ಬದ ನೃತ್ಯಗಳು ನಡೆಯುತ್ತಿವೆ. ಮೋನರು ಬೇಸಗೆಯಲ್ಲಿ ಮಾಡುತ್ತಿದ್ದ, ಸುವಾಸನೆಯ ತಣ್ಣೀರಿನಲ್ಲಿ ನೆನೆಯಿಸಿದ ಅನ್ನವು ಥಾಯ್ ಜನರ ಊಟದಲ್ಲಿಯೂ ಸೇರಿಹೋಗಿದೆ. ಆದರೆ ಆ ಹಳೆಯ ವಲಸೆಗಾರರ ವಂಶದಲ್ಲಿ ಮೋನ್ ಭಾಷೆಯನ್ನಾಡುವವರು ಬಹುಮಟ್ಟಿಗೆ ವೃದ್ಧರು. ಓದಬಲ್ಲವರು ಇನ್ನೂ ಕಡಿಮೆ. ಅನ್ನ, ಕುಣಿತ, ಉಡುಪು ಇವು ಅಭ್ಯಾಸಬಲದಿಂದ ಉಳಿದುಬಂದಾವು. ಭಾಷೆಯಾದರೋ ಕಲಿಸಿದಲ್ಲದೆ ಉಳಿಯದು.

ಈಗ ನಡೆಯುತ್ತಿರುವ ವಲಸೆಯಲ್ಲಿ ಅರಸರ ಆದರವೂ ಇಲ್ಲ. ಬ್ಯಾಂಕಾಕಿನ ನೈರುತ್ಯಕ್ಕಿರುವ ಮಹಾಚಾಯ್ ಬಂದರಿನಲ್ಲಿ ಮೀನು, ಸಿಗಡಿಗಳನ್ನು ಶುದ್ಧಮಾಡಿ ಡಬ್ಬಿಗೆ ತುಂಬುವ ಕಾರಖಾನೆಗಳಲ್ಲಿ ಬರ್ಮಾದಿಂದ ಬಂದ ಕೂಲಿಗಾರರು ದೊಡ್ಡ ಸಂಖ್ಯೆಯಲ್ಲಿ ದುಡಿಯುವರು. ಅವರಲ್ಲಿ ಮೋನರು ಬಹುಮಂದಿ. 2021ನೇ ಫೆಬ್ರವರಿ 1ರಂದು ಬರ್ಮಾದಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡ ಮೇಲೆಯೂ, 2024ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ಜಾರಿಗೆ ತಂದ ಮೇಲೆಯೂ, ಗಡಿ ದಾಟುವ ತರುಣರು ಹೆಚ್ಚಿದರು. ಇವರು ಮಾಘ ಬಹುಳ ಪಾಡ್ಯದಂದು ಪೆಗು ನಗರದ ಸ್ಥಾಪನೆಯ ನೆನಪಿಗಾಗಿ ಕೆಂಪು ಬಟ್ಟೆಯನ್ನುಟ್ಟು, ಹಂಸಧ್ವಜವನ್ನೇರಿಸಿ ರಾಷ್ಟ್ರೀಯ ದಿನವನ್ನು ಆಚರಿಸುವರು. ಆ ಅಭಿಮಾನವು ಶ್ಲಾಘ್ಯವೇ ಸರಿ. ಆದರೆ ವರ್ಷದ ಉಳಿದ ದಿನಗಳಲ್ಲಿ ಮಕ್ಕಳು ಏನನ್ನು ಓದುವರೆಂಬುದೇ ಮುಖ್ಯವಾದ ವಿಷಯ.

ದಾಖಲೆಪತ್ರಗಳಿಲ್ಲದ ಮಕ್ಕಳಿಗೂ ಸರಕಾರಿ ಶಾಲೆಗಳಲ್ಲಿ ಪ್ರವೇಶವಿರತಕ್ಕದ್ದೆಂದು ಥಾಯ್ ಮಂತ್ರಿಮಂಡಲವು 2005ನೇ ಜುಲೈಯಲ್ಲಿ ನಿರ್ಣಯಿಸಿತು. ಇದು ಔದಾರ್ಯದ ಕಾರ್ಯ. ಆದರೆ ಅಲ್ಲಿನ ಪಾಠವು ಥಾಯ್ ಭಾಷೆಯಲ್ಲಿ. ವಲಸೆಗಾರರು ತಾವೇ ನಡೆಯಿಸುವ ಪಾಠಕೇಂದ್ರಗಳಲ್ಲಿ ಬಹುಶಃ ಬರ್ಮೀ ಭಾಷೆಯಲ್ಲಿ. ಥಾಯ್ ಕಲಿತರೆ ಇಲ್ಲಿ ಕೂಲಿ ದೊರಕೀತು, ಬರ್ಮೀ ಕಲಿತರೆ ಊರಿಗೆ ಹಿಂದಿರುಗಿದಾಗ ಉಪಯೋಗಕ್ಕೆ ಬಂದೀತು, ಮೋನ್ ಕಲಿತರೆ ಬರುವುದೇನು ಎಂದು ತಂದೆಯು ಲೆಕ್ಕಹಾಕಿದರೆ ಅವನನ್ನು ಮಾತೃಭಾಷಾದ್ರೋಹಿಯೆಂದು ನಿಂದಿಸುವುದು ನ್ಯಾಯವಲ್ಲ. ಬಡವನಿಗೆ ಅನ್ನ ಮತ್ತು ಭಾಷೆಗಳಲ್ಲಿ ಒಂದನ್ನಾರಿಸಿಕೊಳ್ಳಬೇಕಾದ ಸಂಕಟವು ಬಾರದಂತೆ ಏರ್ಪಾಡು ಮಾಡತಕ್ಕುದೇ ವಿದ್ಯಾಧಿಕಾರಿಗಳ ಧರ್ಮ.

ಇದು ಅಸಾಧ್ಯವಲ್ಲವೆಂಬುದಕ್ಕೆ ಬರ್ಮಾದಲ್ಲಿರುವ ಮೋನರೇ ನಿದರ್ಶನ. 1962ರ ಸೈನಿಕ ಕ್ರಾಂತಿಯ ಬಳಿಕ ಸರಕಾರಿ ಶಾಲೆಗಳಲ್ಲಿ ಮೋನ್ ಪಾಠಕ್ಕೆ ಎಡೆಯಿಲ್ಲದೆ ಹೋಯಿತು. ಆಗ ಹೊಸ ಮೋನ್ ರಾಜ್ಯಪಕ್ಷದವರು ತಮ್ಮ ಹತೋಟಿಯಲ್ಲಿದ್ದ ಪ್ರದೇಶದಲ್ಲಿ ಮೋನ್ ರಾಷ್ಟ್ರೀಯ ಶಾಲೆಗಳನ್ನು ತೆರೆದರು. 1995ರ ಯುದ್ಧವಿರಾಮದ ಬಳಿಕ ಇವು ನೂರಕ್ಕೂ ಮೀರಿ ಬೆಳೆದುವು. ಇವುಗಳಲ್ಲಿ ಕೆಳಗಿನ ತರಗತಿಗಳ ಪಾಠವು ಮೋನ್ ಭಾಷೆಯಲ್ಲಿ; ಮೇಲುಮೇಲಕ್ಕೆ ಹೋದಂತೆ ಬರ್ಮೀ ಭಾಷೆಯು ಹೆಚ್ಚುತ್ತ ಬಂದು, ಪ್ರೌಢಶಾಲೆಯಲ್ಲಿ ಅದೇ ಬೋಧಭಾಷೆಯಾಗುವುದು. ವಿದ್ಯಾರ್ಥಿಗಳು ಸರಕಾರದ ಮೆಟ್ರಿಕ್ ಪರೀಕ್ಷೆಗೆ ಕುಳಿತಿರುವರು. ಬೇಸಗೆಯ ರಜೆಯಲ್ಲಿ ಭಿಕ್ಷುಗಳು ವಿಹಾರಗಳಲ್ಲಿ ಅಕ್ಷರಾಭ್ಯಾಸದ ವರ್ಗಗಳನ್ನು ನಡೆಯಿಸುವರು. ಥಾಯ್ಲೆಂಡಿನಲ್ಲಿಯೂ, ಗಡಿಯ ಸಂಖ್ಲಬುರಿಯಲ್ಲಿ, 2006ರಲ್ಲಿ ತೀರಿಹೋದ ಮೋನ್ ಭಿಕ್ಷು ಉತ್ತಮರ ಆಶ್ರಯದಲ್ಲಿ ಬೆಳೆದ ವಾಂಗ್ ಕಾ ಗ್ರಾಮದ ಶಾಲೆಯಲ್ಲಿ ಮೋನ್ ಮತ್ತು ಥಾಯ್ ಎರಡೂ ಭಾಷೆಗಳಲ್ಲಿ ಕಲಿಸುವ ಪ್ರಯೋಗವು ನಡೆದಿದೆ.

ಆದುದರಿಂದ ಮಾಡತಕ್ಕುದು ಸ್ಪಷ್ಟವಾಗಿದೆ. ವಲಸೆಗಾರರ ಪಾಠಕೇಂದ್ರಗಳಲ್ಲಿ ಮೊದಲ ಎರಡು ಮೂರು ವರ್ಷಗಳಾದರೂ ಮನೆಮಾತಿನಲ್ಲಿಯೇ ಓದುಬರಹವನ್ನು ಕಲಿಸಿ, ಅನಂತರ ಥಾಯ್ ಭಾಷೆಗೆ ದಾಟಿಸಬೇಕು. ಸರಕಾರಿ ಶಾಲೆಗೆ ಹೋಗುವ ಮಕ್ಕಳಿಗೆ ರಜೆಯ ದಿನ ವಿಹಾರದಲ್ಲಿ ಮೋನ್ ವರ್ಗವಿರಬೇಕು. ಉಪಾಧ್ಯಾಯನಿಗೆ ಸಂಬಳವೂ ಮಕ್ಕಳಿಗೆ ಅಚ್ಚಾದ ಪುಸ್ತಕವೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ಶಾಲೆಗಳು ಕೊಡುವ ಯೋಗ್ಯತಾಪತ್ರವನ್ನು ಎರಡು ದೇಶಗಳ ಸರಕಾರಗಳೂ ಮನ್ನಿಸಬೇಕು. ಪತ್ರಕ್ಕೆ ಬೆಲೆಯಿಲ್ಲದ ಶಾಲೆಗೆ ಮಕ್ಕಳನ್ನು ಬಹುಕಾಲ ಕಳುಹಿಸುವಷ್ಟು ಸಿರಿವಂತರು ಕೂಲಿಕಾರರಲ್ಲಿಲ್ಲ.

ಇದರಿಂದ ದೇಶದ ಐಕ್ಯಕ್ಕೆ ಭಂಗಬರುವುದೆಂದು ಶಂಕಿಸುವ ಅಧಿಕಾರಿಗಳಿರಬಹುದು. ಮನೆಮಾತಿನಲ್ಲಿ ಓದಲು ಕಲಿತ ಬಾಲಕನು ರಾಜಭಾಷೆಯನ್ನು ಬೇಗನೆ ಕಲಿಯುವನಲ್ಲದೆ ದ್ವೇಷಿಸಲಾರನು. ಮಾತನ್ನು ತಡೆದಲ್ಲಿಯೇ ದ್ವೇಷವು ಹುಟ್ಟುವುದೆಂಬುದಕ್ಕೆ ಬರ್ಮಾದ ಇತ್ತೀಚಿನ ಚರಿತ್ರೆಯೇ ಸಾಕ್ಷಿ. ಮಕ್ಕಳಿಗೆ ಮೂರು ಭಾಷೆಗಳ ಹೊರೆಯಾಗುವುದೆಂಬ ಆಕ್ಷೇಪಣೆಗೆ ಬಳ್ಳಾರಿ, ಕಾಸರಗೋಡುಗಳ ಬೀದಿಯಲ್ಲಿ ಆಡುವ ಮಕ್ಕಳೇ ಉತ್ತರ ಹೇಳಬಲ್ಲರು.

ಮಹಾಚಾಯಿನ ಬಾಲಕರು ಇಂದು ಏಳೆಂಟು ವರ್ಷದವರು. ಅಕ್ಷರವನ್ನು ಕಲಿಯುವ ವಯಸ್ಸು ಯಾವ ಸರಕಾರದ ನಿರ್ಣಯಕ್ಕೂ ಕಾದುಕೊಂಡಿರುವುದಿಲ್ಲ. ಹಿಂದಿನ ವಲಸೆಯಲ್ಲಿ ಕಳೆದುಕೊಂಡುದನ್ನು ಈ ವಲಸೆಯಲ್ಲಿಯೂ ಕಳೆದುಕೊಳ್ಳಬೇಕೆ ಎಂಬುದು ಈ ಐದಾರು ವರ್ಷಗಳೊಳಗಾಗಿ ತೀರ್ಮಾನವಾಗುವ ಮಾತು.