ಆದೇಶದ ಸಾಲು, ವಿವರಣೆಯ ವಾಕ್ಯ: ಗಣಕಯಂತ್ರದ ಕೈಪಿಡಿಗಳಲ್ಲಿ ವ್ಯಾಕರಣದ ತಿದ್ದುಪಡಿ

ವ್ಯಾಕರಣದೋಷವೆಂದರೆ ಓದುವವರ ಕಿವಿಗೆ ತಾಗುವ ಒಂದು ಒರಟುತನ ಎಂದಷ್ಟೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕಾವ್ಯದಲ್ಲಿ ಅದು ರಸಭಂಗಕ್ಕೂ ಪ್ರಬಂಧದಲ್ಲಿ ಅರ್ಥಕ್ಲೇಶಕ್ಕೂ ಕಾರಣವಾಗಬಹುದು. ಆದರೆ ಅದರಿಂದ ಯಾರ ಸೊತ್ತೂ ನಾಶವಾಗುವುದಿಲ್ಲ. ಒಂದು ವಾಕ್ಯದ ಅನ್ವಯ ತಪ್ಪಿದ ಮಾತ್ರಕ್ಕೆ ಓದುವವರ ವರ್ಷಗಳ ಬರಹ ಕ್ಷಣಾರ್ಧದಲ್ಲಿ ಅಳಿಸಿಹೋಗಬಹುದಾದ ಗದ್ಯಪ್ರಕಾರವೂ ಒಂದುಂಟು. ಗಣಕಯಂತ್ರಕ್ಕೆ ಅಕ್ಷರರೂಪದಲ್ಲಿ ಆದೇಶ ನೀಡುವ ತಂತ್ರಾಂಶಗಳ ಕೈಪಿಡಿಯೇ ಆ ಪ್ರಕಾರ. ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಯಂತ್ರಜ್ಞರ ಕ್ಷೇತ್ರವೆಂದು ಬದಿಗಿಡುವುದು ರೂಢಿ. ವಾಸ್ತವವಾಗಿ ವ್ಯಾಕರಣದ ಅರಿವಿಗೆ ಇಲ್ಲಿರುವಷ್ಟು ಪ್ರತ್ಯಕ್ಷ ಪ್ರಯೋಜನ ಬೇರೆ ಕಡೆ ವಿರಳ.

ತೆರೆಯ ಮೇಲಿನ ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವ ಪದ್ಧತಿಗಿಂತ ಹಳೆಯದು ಕಮಾಂಡ್ ಲೈನ್, ಅಂದರೆ ಆದೇಶಸಾಲಿನ ಪದ್ಧತಿ. ಇದರಲ್ಲಿ ಬಳಕೆದಾರರು ಕೀಲಿಮಣೆಯಿಂದ ಒಂದು ಸಾಲನ್ನು ಬರೆಯುತ್ತಾರೆ. ಮೊದಲು ಆದೇಶದ ಹೆಸರು, ಅನಂತರ ಅದರ ವರ್ತನೆಯನ್ನು ಬದಲಿಸುವ ಆಯ್ಕೆಗಳು, ಕೊನೆಗೆ ಕಡತದ ಹೆಸರು. ಯುನಿಕ್ಸ್ ವ್ಯವಸ್ಥೆಯ ‘ಆರ್‌ಎಮ್’ ಎಂಬ ಎರಡಕ್ಷರದ ಆದೇಶವು ಕಡತಗಳನ್ನು ಅಳಿಸುತ್ತದೆ. ಅಳಿಸಿದ್ದನ್ನು ಮರಳಿ ಎತ್ತಿಕೊಳ್ಳಲು ಅದಕ್ಕೆ ಕಸದ ಬುಟ್ಟಿಯಿಲ್ಲ. ಒತ್ತಲು ಗುಂಡಿಗಳಾಗಲಿ ಸೂಚಿಸಲು ಚಿತ್ರಗಳಾಗಲಿ ಇಲ್ಲದ ಈ ಪದ್ಧತಿಯಲ್ಲಿ ದಾರಿ ತೋರುವುದು ಕೈಪಿಡಿಯ ವಾಕ್ಯವೇ.

ಇಂಥ ಕೈಪಿಡಿಗಳ ಮಾದರಿಯನ್ನು ರೂಪಿಸಿದ್ದು ಅಮೆರಿಕದ ನ್ಯೂಜೆರ್ಸಿಯ ಮರ್ರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಾಲಯ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಸಿದ್ಧಪಡಿಸಿದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ರ ದಿನಾಂಕವಿದೆ. ಪ್ರತಿಯೊಂದು ಆದೇಶಕ್ಕೂ ಹೆಸರು, ರಚನಾಸಾರ, ವಿವರಣೆ, ಸಂಬಂಧಿಸಿದ ಕಡತಗಳು, ಇತರ ಪುಟಗಳ ಉಲ್ಲೇಖ ಎಂಬ ಕ್ರಮ ಆಗಲೇ ಸಿದ್ಧವಾಗಿತ್ತು. ಆದೇಶದ ದೋಷಗಳನ್ನು ಕೈಪಿಡಿಯಲ್ಲಿಯೇ ಒಪ್ಪಿಕೊಳ್ಳುವ ವಿಭಾಗವೂ ಇತ್ತೆಂಬುದು ಗಮನಾರ್ಹ. ಮುಂದಿನ ಆವೃತ್ತಿಗಳ ಸಂಪಾದನೆಯಲ್ಲಿ ಡಗ್ಲಸ್ ಮೆಕಿಲ್ರಾಯ್ ಅವರ ಪಾತ್ರ ಹಿರಿದು. ಒಂದು ಆದೇಶವನ್ನು ಸರಳವಾಗಿ ವಿವರಿಸಲು ಸಾಧ್ಯವಾಗದಿದ್ದಾಗ ವಿವರಣೆಯ ಬದಲು ಆದೇಶವನ್ನೇ ತಿದ್ದಿದ ಪ್ರಸಂಗಗಳು ಅಲ್ಲಿ ಅಪರೂಪವಾಗಿರಲಿಲ್ಲ. ಬರವಣಿಗೆಯ ತೊಡಕು ವಸ್ತುವಿನ ತೊಡಕಿಗೇ ಕನ್ನಡಿ ಹಿಡಿದದ್ದು ಹೀಗೆ.

ಈ ಪುಟಗಳ ರಚನೆ ಕನ್ನಡ ವಿದ್ವಾಂಸರಿಗೆ ಅಪರಿಚಿತವೆನಿಸದು. ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ, ವೃತ್ತಿ, ಪ್ರಯೋಗಗಳಿರುವಂತೆ ಇಲ್ಲಿಯೂ ಮೂರು ಸ್ತರಗಳಿವೆ. ರಚನಾಸಾರವೇ ಸೂತ್ರ. ಅದರಲ್ಲಿ ಚೌಕ ಆವರಣದೊಳಗೆ ಬರೆದುದು ವೈಕಲ್ಪಿಕ. ಮೂರು ಚುಕ್ಕಿಗಳು ಹಿಂದಿನ ಅಂಶವನ್ನು ಪುನಃ ಬರೆಯಬಹುದೆಂಬುದಕ್ಕೆ ಸಂಕೇತ. ವಿವರಣೆಯು ವೃತ್ತಿಯ ಸ್ಥಾನದಲ್ಲಿದೆ, ಉದಾಹರಣೆಗಳು ಪ್ರಯೋಗದ ಸ್ಥಾನದಲ್ಲಿವೆ. ಸೂತ್ರವು ವೈಕಲ್ಪಿಕವೆಂದುದನ್ನು ವೃತ್ತಿಯು ಕಡ್ಡಾಯವೆಂದರೆ ಓದುವವರು ಯಾವುದನ್ನು ನಂಬಬೇಕು? ಪದಗಳ ಕಾಗುಣಿತಕ್ಕಿಂತ ಮೊದಲು ತಿದ್ದುವವರ ಕಣ್ಣಿಗೆ ಬೀಳಬೇಕಾದದ್ದು ಈ ಮೂರರ ನಡುವಣ ವಿರೋಧ.

ಇನ್ನು ವಾಕ್ಯದ ಮಟ್ಟದ ದೋಷಗಳು. ಮೊದಲನೆಯದು ವಿಶೇಷಣದ ವ್ಯಾಪ್ತಿ. ‘ಈ ಆಯ್ಕೆಯು ಹಳೆಯ ಕಡತಗಳು ಮತ್ತು ಕೋಶಗಳನ್ನು ಅಳಿಸುತ್ತದೆ’ ಎಂಬ ವಾಕ್ಯವನ್ನು ಕಲ್ಪಿಸಿಕೊಳ್ಳಬಹುದು. ‘ಹಳೆಯ’ ಎಂಬುದು ಕಡತಗಳಿಗೆ ಮಾತ್ರ ಅನ್ವಯಿಸುವುದೇ, ಕೋಶಗಳಿಗೂ ಅನ್ವಯಿಸುವುದೇ? ಮೊದಲನೆಯದು ನಿಜವಾದರೆ ಹೊಸ ಕೋಶಗಳೂ ಅಳಿಯುತ್ತವೆ. ‘ಹಳೆಯ ಕಡತಗಳನ್ನೂ ಹಳೆಯ ಕೋಶಗಳನ್ನೂ’ ಎಂದಾಗಲಿ, ‘ಹಳೆಯ ಕಡತಗಳನ್ನೂ ಎಲ್ಲ ಕೋಶಗಳನ್ನೂ’ ಎಂದಾಗಲಿ ಬಿಡಿಸಿ ಬರೆದರೆ ಸಂದೇಹ ತೀರುತ್ತದೆ.

ಎರಡನೆಯದು ಕರ್ತೃವಿನ ಗೊಂದಲ. ಕೈಪಿಡಿಯಲ್ಲಿ ಕೆಲಸ ಮಾಡುವವರು ಇಬ್ಬರು: ತಂತ್ರಾಂಶ ಮತ್ತು ಬಳಕೆದಾರ. ಇಂಗ್ಲಿಷಿನ ಕೈಪಿಡಿಗಳಲ್ಲಿ ಒಂದೇ ಪಟ್ಟಿಯ ಒಂದು ಸಾಲು ವಿಧಿರೂಪದಲ್ಲಿಯೂ ಮುಂದಿನ ಸಾಲು ಪ್ರಥಮಪುರುಷದಲ್ಲಿಯೂ ಇರುವುದುಂಟು. ಕನ್ನಡದಲ್ಲಿ ಹೇಳುವುದಾದರೆ, ‘ಪಟ್ಟಿ ಮಾಡು’ ಎಂದು ಆರಂಭವಾದದ್ದು ‘ಅಳಿಸುತ್ತದೆ’ ಎಂದು ಮುಂದುವರಿದಂತೆ. ‘ಕಡತದ ಹೆಸರನ್ನು ನೀಡು’ ಎಂದರೆ ಹೆಸರನ್ನು ನೀಡಬೇಕಾದವರು ಓದುವವರೇ ಅಥವಾ ಅದನ್ನು ತೋರಿಸುವುದು ತಂತ್ರಾಂಶವೇ ಎಂಬುದು ತಿಳಿಯದು. ತಂತ್ರಾಂಶದ ಕ್ರಿಯೆಗೆ ‘ನೀಡುತ್ತದೆ’, ಬಳಕೆದಾರರ ಕರ್ತವ್ಯಕ್ಕೆ ‘ನೀಡಬೇಕು’ ಎಂದು ಕೊನೆಯವರೆಗೆ ಒಂದೇ ಕ್ರಮವನ್ನು ಪಾಲಿಸಿದರೆ ಈ ತೊಡಕು ಉಳಿಯುವುದಿಲ್ಲ.

ಮೂರನೆಯದು ಅತ್ಯಂತ ಸೂಕ್ಷ್ಮವಾದದ್ದು. ಇಂಗ್ಲಿಷಿನ ‘ಮೇ ನಾಟ್’ ಎಂಬ ಪ್ರಯೋಗಕ್ಕೆ ನಿಷೇಧ ಮತ್ತು ಸಂಭಾವನೆ ಎಂಬ ಎರಡು ಅರ್ಥಗಳಿವೆ. ಅಂತರ್ಜಾಲದ ಮಾನಕಪತ್ರಗಳಲ್ಲಿ ಇಂಥ ಸಹಾಯಕ್ರಿಯಾಪದಗಳ ಅರ್ಥವನ್ನು ನಿಗದಿಪಡಿಸಲು 1997ರಲ್ಲಿ ಸ್ಕಾಟ್ ಬ್ರಾಡ್ನರ್ ಪ್ರತ್ಯೇಕ ಪತ್ರವೊಂದನ್ನೇ ಬರೆಯಬೇಕಾಯಿತು. ‘ಕಡಿತವಾದ ಸಂಪರ್ಕ ಮರಳಿ ಬರದಿರಬಹುದು’ ಎಂಬುದು ಎಚ್ಚರಿಕೆ. ‘ಹೆಸರಿನಲ್ಲಿ ಓರೆಗೆರೆ ಬರಬಾರದು’ ಎಂಬುದು ನಿಯಮ. ಇಂಗ್ಲಿಷು ಎರಡನ್ನೂ ಒಂದೇ ರೂಪದಲ್ಲಿ ಹೇಳಬಲ್ಲದು. ಕನ್ನಡಕ್ಕೆ ಆ ಸೌಲಭ್ಯವಿಲ್ಲ, ಇಲ್ಲಿ ಅದು ಇಲ್ಲದಿರುವುದೇ ಲೇಸು.

ಹೀಗಿರುವಾಗ ತಿದ್ದುವವರ ಮೊದಲ ಪ್ರಶ್ನೆ ‘ಯಾವ ವಾಕ್ಯ ಸುಂದರ?’ ಎಂಬುದಲ್ಲ, ‘ಯಾವ ವಾಕ್ಯ ಸತ್ಯ?’ ಎಂಬುದು. ಸಂದಿಗ್ಧವಾಕ್ಯವನ್ನು ತನಗೆ ತೋಚಿದ ಅರ್ಥಕ್ಕೆ ನಯಗೊಳಿಸಿದವರು ಒರಟಾದ ಅರ್ಧಸತ್ಯವನ್ನು ಸೊಗಸಾದ ಸುಳ್ಳಾಗಿ ಮಾರ್ಪಡಿಸಿದಂತಾಗುತ್ತದೆ. ಒರಟು ವಾಕ್ಯವನ್ನು ಓದಿದವರು ಸಂಶಯಪಟ್ಟು ನಿಲ್ಲುತ್ತಾರೆ. ನಯವಾದ ತಪ್ಪು ವಾಕ್ಯವನ್ನು ಓದಿದವರು ನಂಬಿ ಮುಂದುವರಿಯುತ್ತಾರೆ. ಹಸ್ತಪ್ರತಿಗಳ ಸಂಪಾದಕರಿಗೆ ಈ ಅಪಾಯ ಚಿರಪರಿಚಿತ. ಸುಲಭವಾದ ಪಾಠವೆಲ್ಲ ಕವಿಯ ಪಾಠವಲ್ಲವೆಂಬುದನ್ನು ಅವರು ಬಲ್ಲರು. ಅವರಿಗೆ ಕವಿಯನ್ನು ಕೇಳುವ ಅವಕಾಶವಿಲ್ಲ. ಕೈಪಿಡಿಯನ್ನು ತಿದ್ದುವವರಿಗೆ ಆ ಭಾಗ್ಯವಿದೆ. ಬೇಡವಾದ ಕಡತಗಳನ್ನಿಟ್ಟ ಪ್ರತ್ಯೇಕ ಕೋಶದಲ್ಲಿ ಆದೇಶವನ್ನು ನಡೆಸಿ ನೋಡಿದರೆ ತಂತ್ರಾಂಶವೇ ಉತ್ತರ ಹೇಳುತ್ತದೆ. ಅಷ್ಟಕ್ಕೂ ತಿಳಿಯದಿದ್ದರೆ, ಮೂಲಸಂಕೇತವು ಮುಕ್ತವಾಗಿರುವ ತಂತ್ರಾಂಶಗಳಲ್ಲಿ ಅದನ್ನೇ ಓದಬಹುದು.

ಈ ಕೆಲಸದಲ್ಲಿ ಯಂತ್ರದ ನೆರವೂ ಉಂಟು. ಕಾಗುಣಿತವನ್ನು ಪರೀಕ್ಷಿಸುವ ‘ಸ್ಪೆಲ್’ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿಯೇ ಬಳಕೆಗೆ ಬಂದಿತು. ವಾಕ್ಯಗಳ ಉದ್ದವನ್ನೂ ರಚನೆಯನ್ನೂ ಅಳೆಯುವ ‘ಸ್ಟೈಲ್’, ಸವಕಲು ನುಡಿಗಟ್ಟುಗಳನ್ನು ಎತ್ತಿ ತೋರಿಸುವ ‘ಡಿಕ್ಷನ್’ ಎಂಬ ಸಾಧನಗಳ ಹಿಂದೆ ಲೊರಿಂಡಾ ಚೆರ್ರಿ ಅವರ ದುಡಿಮೆಯಿದೆ. ಆದರೆ ‘ಹಳೆಯ’ ಎಂಬ ವಿಶೇಷಣ ಎಲ್ಲಿಯವರೆಗೆ ವ್ಯಾಪಿಸಬೇಕೆಂಬುದನ್ನು ಈ ಸಾಧನಗಳು ಹೇಳಲಾರವು; ವಾಕ್ಯದಲ್ಲಿ ತಪ್ಪಿಲ್ಲ, ಅರ್ಥದಲ್ಲಿ ಮಾತ್ರ ಎರಡು ದಾರಿಗಳಿವೆ. ಬ್ರಯಾನ್ ಕರ್ನಿಘನ್ 1974ರಲ್ಲಿ ನೀಡಿದ ಸಲಹೆಯೊಂದು ಇಂದಿಗೂ ಉಪಯುಕ್ತ: ಮೂಲಪ್ರತಿಯಲ್ಲಿ ಪ್ರತಿಯೊಂದು ವಾಕ್ಯವನ್ನೂ ಹೊಸ ಸಾಲಿನಿಂದ ಆರಂಭಿಸುವುದು. ಹೀಗೆ ಮಾಡಿದರೆ ಯಾವ ವಾಕ್ಯ ಬದಲಾಯಿತೆಂಬುದು ಪರಿಶೀಲಕರಿಗೆ ಒಡನೆಯೇ ಕಾಣುತ್ತದೆ. ಲಿನಕ್ಸ್ ಕೈಪಿಡಿಪುಟಗಳ ಶೈಲಿಸೂಚಿ ಈ ಪದ್ಧತಿಯನ್ನು ಉಳಿಸಿಕೊಂಡಿದೆ. ಕಾಗುಣಿತದ ತಿದ್ದುಪಡಿಯನ್ನೂ ಅರ್ಥದ ತಿದ್ದುಪಡಿಯನ್ನೂ ಬೆರೆಸದೆ ಬೇರೆ ಬೇರೆಯಾಗಿ, ಕಾರಣಸಹಿತವಾಗಿ ಕಳುಹಿಸುವುದೂ ಒಳ್ಳೆಯ ಸಂಪ್ರದಾಯ.

ಎಲ್ಲ ತಪ್ಪುಗಳನ್ನೂ ತಿದ್ದಲಾಗದೆಂಬುದನ್ನೂ ಇಲ್ಲಿ ಹೇಳಬೇಕು. ಕಡತವನ್ನು ಸೃಷ್ಟಿಸುವ ಯುನಿಕ್ಸ್ ಕರೆಯ ಹೆಸರಾದ ‘ಕ್ರಿಯೇಟ್’ ಪದದ ಕೊನೆಯಲ್ಲಿ ‘ಇ’ ಅಕ್ಷರವಿಲ್ಲ. ‘ಅನ್‌ಮೌಂಟ್’ ಎಂಬರ್ಥದ ಆದೇಶದಲ್ಲಿ ಮೊದಲ ‘ಎನ್’ ಅಕ್ಷರ ಬಿಟ್ಟುಹೋಗಿದೆ. ಯುನಿಕ್ಸನ್ನು ಮತ್ತೊಮ್ಮೆ ರಚಿಸುವುದಾದರೆ ಏನನ್ನು ಬದಲಿಸುವಿರಿ ಎಂಬ ಪ್ರಶ್ನೆಗೆ, ಆ ‘ಇ’ ಅಕ್ಷರವನ್ನು ಸೇರಿಸುವೆನೆಂದು ಥಾಂಪ್ಸನ್ ಉತ್ತರಿಸಿದ್ದು ಪ್ರಸಿದ್ಧ. ಅಸಂಖ್ಯ ತಂತ್ರಾಂಶಗಳು ಆ ಹೆಸರುಗಳನ್ನೇ ಅವಲಂಬಿಸಿರುವುದರಿಂದ ಅವು ರೂಢಿಯಿಂದ ಸಾಧುವಾಗಿವೆ. ವಿವರಣೆಯ ವಾಕ್ಯ ಲೇಖಕನದು, ಆದೇಶದ ಹೆಸರು ಎಲ್ಲರದು. ಈ ಭೇದವನ್ನರಿಯದೆ ಉದಾಹರಣೆಯೊಳಗಿನ ಆದೇಶದ ಕಾಗುಣಿತವನ್ನು ತಿದ್ದಿದರೆ ಆ ಉದಾಹರಣೆಯೇ ನಡೆಯದು.

ಕನ್ನಡಕ್ಕೆ ಈ ಪ್ರಶ್ನೆ ದೂರದ್ದಲ್ಲ. ಗ್ನೋಮ್, ಕೆಡಿಇ ಮುಂತಾದ ಮುಕ್ತ ತಂತ್ರಾಂಶಗಳ ಸಂದೇಶಗಳು ಕನ್ನಡಕ್ಕೆ ಬಂದಿವೆ. ಇಂಥ ಅನುವಾದದಲ್ಲಿ ಕಡತದ ಹೆಸರಿನ ಸ್ಥಾನ ಖಾಲಿಯಿರುತ್ತದೆ. ತಂತ್ರಾಂಶವು ಅನಂತರ ಅದನ್ನು ತುಂಬುತ್ತದೆ. ಆ ಖಾಲಿ ಸ್ಥಾನಕ್ಕೆ ದ್ವಿತೀಯಾ ವಿಭಕ್ತಿಯನ್ನು ಹಚ್ಚುವುದು ಹೇಗೆ? ‘ಪಟ್ಟಿ’ ಎಂಬುದು ‘ಪಟ್ಟಿಯನ್ನು’ ಎಂದೂ ‘ಪತ್ರ’ ಎಂಬುದು ‘ಪತ್ರವನ್ನು’ ಎಂದೂ ಆಗಬೇಕು. ಬರಲಿರುವ ಹೆಸರಿನ ಕೊನೆಯ ಸ್ವರ ಅನುವಾದಕರಿಗೆ ತಿಳಿಯದು. ‘ಎಂಬ ಕಡತವನ್ನು ತೆರೆಯಲಾಗಲಿಲ್ಲ’ ಎಂದು ಬರೆದರೆ ವಿಭಕ್ತಿಯ ಹೊರೆ ‘ಕಡತ’ದ ಮೇಲೆ ಬಿದ್ದು, ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ. ಆಗಮಸಂಧಿಯ ಪಾಠ ಓದಿದವರಿಗೆ ಹೊಳೆಯುವ ಈ ಪರಿಹಾರ ಕೇವಲ ಯಂತ್ರವಿದ್ಯೆಯಿಂದ ದೊರೆಯುವಂಥದಲ್ಲ.

ಅನುವಾದದ ನಿಜವಾದ ಲಾಭ ಮತ್ತೊಂದಿದೆ. ‘ಮೇ ನಾಟ್’ ಎಂಬುದನ್ನು ಕನ್ನಡಿಸುವವರು ‘ಬಾರದು’ ಅಥವಾ ‘ದಿರಬಹುದು’ ಎಂಬ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಲು ಸಾಧ್ಯವಾಗದಿದ್ದರೆ ದೋಷವಿರುವುದು ಮೂಲದಲ್ಲಿ. ಇಂಗ್ಲಿಷಿನಲ್ಲಿಯೇ ಓದಿ ಇಂಗ್ಲಿಷಿನಲ್ಲಿಯೇ ಬರೆಯುವವರ ಕಣ್ಣಿಗೆ ಬೀಳದ ಬಿರುಕು ಎರಡನೆಯ ಭಾಷೆಯ ಬೆಳಕಿನಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಮನೆಯ ಮಾತು ಒಂದು, ಬೀದಿಯ ಮಾತು ಇನ್ನೊಂದು, ಕಚೇರಿಯ ಮಾತು ಮತ್ತೊಂದಾಗಿ ಬಾಳುವ ಕನ್ನಡಿಗರಿಗೆ ಈ ದೃಷ್ಟಿ ಬದುಕಿನಿಂದಲೇ ಬಂದುದು. ಕನ್ನಡದ ಪಾಠವನ್ನು ಸಿದ್ಧಪಡಿಸಿ ಅಲ್ಲಿಗೇ ನಿಲ್ಲದೆ, ಕಂಡ ಸಂದಿಗ್ಧತೆಯನ್ನು ಮೂಲದ ಕರ್ತೃಗಳಿಗೆ ತಿಳಿಸಿದರೆ ಆ ತಿದ್ದುಪಡಿ ಕೈಪಿಡಿಯ ಎಲ್ಲ ಭಾಷೆಗಳ ಓದುಗರಿಗೂ ಸಲ್ಲುತ್ತದೆ. ಎಲ್ಲಿಯೋ ಒಬ್ಬರು ಅದನ್ನು ನಂಬಿ ಆದೇಶದ ಸಾಲನ್ನು ಬರೆಯುತ್ತಾರೆ, ಅವರ ಕಡತಗಳು ಉಳಿಯುತ್ತವೆ. ತಿದ್ದಿದವರ ಹೆಸರು ಅವರಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.