ಒಂದು ಆದೇಶ, ನೂರು ಯಂತ್ರ

ಶೈಕ್ಷಣಿಕ ವರ್ಷದ ಆರಂಭದಲ್ಲಿ ಕಾಲೇಜುಗಳ ಕಂಪ್ಯೂಟರ್ ಪ್ರಯೋಗಾಲಯಗಳಲ್ಲಿ ಒಂದು ದೃಶ್ಯ ಸಾಮಾನ್ಯ. ಸಹಾಯಕರೊಬ್ಬರು ಪೆನ್‌ಡ್ರೈವ್ ಹಿಡಿದು ಒಂದು ಯಂತ್ರದಿಂದ ಇನ್ನೊಂದಕ್ಕೆ ಅಲೆಯುತ್ತಿರುತ್ತಾರೆ. ಪರದೆಯ ಮೇಲೆ ಮೂಡುವ 'ನೆಕ್ಸ್ಟ್' ಗುಂಡಿಯನ್ನು ಒತ್ತುತ್ತಲೇ ಇರುತ್ತಾರೆ. 40 ಕಂಪ್ಯೂಟರ್‌ಗಳಿಗೆ ತಲಾ 10 ತಂತ್ರಾಂಶವೆಂದರೆ 400 ಬಾರಿ ಅದೇ ಕೆಲಸ. ಇಷ್ಟಾದರೂ ಒಂದರಲ್ಲಿ ಹಳೆಯ ಆವೃತ್ತಿ, ಮತ್ತೊಂದರಲ್ಲಿ ಹೊಸದು. ಪ್ರಾಯೋಗಿಕ ಪರೀಕ್ಷೆಯ ದಿನ ಇದರ ಫಲ ಉಣ್ಣುವವನು ವಿದ್ಯಾರ್ಥಿ.

ಈ ಶ್ರಮ ಅನಿವಾರ್ಯವೇನಲ್ಲ. 1993ರಲ್ಲಿ ಆರಂಭವಾದ ಡೆಬಿಯನ್ ಲಿನಕ್ಸ್ ಯೋಜನೆಯು 1999ರ ತನ್ನ ಆವೃತ್ತಿಯಲ್ಲಿ 'ಆಪ್ಟ್' ಎಂಬ ಸಾಧನವನ್ನು ಒದಗಿಸಿತು. ಬೇಕಾದ ತಂತ್ರಾಂಶಗಳ ಹೆಸರನ್ನು ಒಂದೇ ಸಾಲಿನಲ್ಲಿ ಬರೆದರೆ ಸಾಕು. ಅವು ಅವಲಂಬಿಸಿರುವ ಇತರ ಭಾಗಗಳನ್ನೂ ಅದೇ ಹುಡುಕಿ ತಂದು ಜೋಡಿಸುತ್ತದೆ. 2009ರಲ್ಲಿ ಮ್ಯಾಕ್ ಬಳಕೆದಾರರಿಗೆ 'ಹೋಮ್‌ಬ್ರೂ', 2011ರಲ್ಲಿ ವಿಂಡೋಸ್‌ಗೆ 'ಚಾಕೊಲೇಟಿ' ದೊರೆತವು. ಮೈಕ್ರೋಸಾಫ್ಟ್ ಸಂಸ್ಥೆಯೇ 2020ರಲ್ಲಿ 'ವಿನ್‌ಗೆಟ್' ಅನ್ನು ಪ್ರಕಟಿಸಿತು.

ಮೂರೂ ಬಗೆಯ ಯಂತ್ರಗಳು ಒಂದೇ ಸೂರಿನಡಿ ಇದ್ದರೆ? ಅದಕ್ಕೆಂದೇ 2012ರಲ್ಲಿ ಬಂದ 'ಆನ್ಸಿಬಲ್'ನಂಥ ಸಾಧನಗಳಿವೆ. ಇಲ್ಲಿ ನಾವು ಬರೆಯುವುದು ಕೆಲಸದ ಹಂತಗಳನ್ನಲ್ಲ, ಬಯಸುವ ಸ್ಥಿತಿಯನ್ನು. 'ಈ ಯಂತ್ರಗಳಲ್ಲಿ ಲಿಬ್ರೆ ಆಫೀಸ್ ಇರಬೇಕು' ಎಂದು ಕಡತದಲ್ಲಿ ನಮೂದಿಸಿದರೆ, ಇರುವಲ್ಲಿ ಅದು ಸುಮ್ಮನಿರುತ್ತದೆ. ಇಲ್ಲದಿರುವಲ್ಲಿ ಲಿನಕ್ಸ್‌ಗೆ ಆಪ್ಟ್, ಮ್ಯಾಕ್‌ಗೆ ಹೋಮ್‌ಬ್ರೂ, ವಿಂಡೋಸ್‌ಗೆ ಚಾಕೊಲೇಟಿಯ ಮೂಲಕ ಸ್ಥಾಪಿಸುವಂತೆ ಅದೇ ಕಡತದಲ್ಲಿ ಸೂಚಿಸಬಹುದು.

ಆದರೆ ನೂರು ಯಂತ್ರಗಳನ್ನು ಸರಿಪಡಿಸಬಲ್ಲ ಆದೇಶವೇ ನೂರನ್ನೂ ಕೆಡಿಸಬಲ್ಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆ ತನ್ನ ಭದ್ರತಾ ತಂತ್ರಾಂಶಕ್ಕೆ ರವಾನಿಸಿದ ದೋಷಪೂರಿತ ಪರಿಷ್ಕರಣೆಯಿಂದ, ಮೈಕ್ರೋಸಾಫ್ಟ್‌ನ ಅಂದಾಜಿನ ಪ್ರಕಾರ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ವಿಮಾನಗಳು ನಿಂತವು, ಆಸ್ಪತ್ರೆಗಳು ಪರದಾಡಿದವು. ವಿಪರ್ಯಾಸವೆಂದರೆ, ಸ್ವಯಂಚಾಲಿತವಾಗಿ ಹರಡಿದ ದೋಷವನ್ನು ತೊಡೆಯಲು ಎಷ್ಟೋ ಕಡೆ ತಂತ್ರಜ್ಞರು ಮತ್ತೆ ಒಂದೊಂದೇ ಯಂತ್ರದ ಮುಂದೆ ಕೂರಬೇಕಾಯಿತು.

ಹಾಗೆಂದು ಪೆನ್‌ಡ್ರೈವ್ ಯುಗಕ್ಕೆ ಮರಳುವುದು ಪರಿಹಾರವಲ್ಲ. ಮೊದಲು ಒಂದು ಯಂತ್ರದಲ್ಲಿ ಪರೀಕ್ಷಿಸಿ, ಅನಂತರ ಐದರಲ್ಲಿ, ಕೊನೆಗೆ ಎಲ್ಲದರಲ್ಲೂ ಸ್ಥಾಪಿಸುವುದು. ಆವೃತ್ತಿಯ ಸಂಖ್ಯೆಯನ್ನು ಖಚಿತವಾಗಿ ನಮೂದಿಸುವುದು. ನಂಬಲರ್ಹ ಭಂಡಾರಗಳಿಂದ ಮಾತ್ರ ತಂತ್ರಾಂಶ ಪಡೆಯುವುದು. ಇಷ್ಟು ಶಿಸ್ತು ಸಾಕು.

ಇನ್ನೊಂದು ಲಾಭವೂ ಇದೆ. ಇಂದು ಯಾವ ಯಂತ್ರದಲ್ಲಿ ಏನಿದೆಯೆಂಬುದು ಬಹಳ ಕಡೆ ಒಬ್ಬ ಸಹಾಯಕರ ನೆನಪಿನಲ್ಲಷ್ಟೇ ಉಳಿದಿರುತ್ತದೆ. ಅವರು ವರ್ಗವಾದರೆ ಆ ತಿಳಿವಳಿಕೆಯೂ ಅವರೊಂದಿಗೆ ಹೊರಟುಹೋಗುತ್ತದೆ. ಬರೆದಿಟ್ಟ ಕಡತ ಮಾತ್ರ ಸಂಸ್ಥೆಯಲ್ಲೇ ಉಳಿಯುತ್ತದೆ. ಗುಂಡಿ ಒತ್ತುವ ಕೆಲಸದಿಂದ ಬಿಡುಗಡೆ ಪಡೆದ ಸಹಾಯಕರು ಆ ಸಮಯವನ್ನು ವಿದ್ಯಾರ್ಥಿಗಳಿಗೆ ನೀಡಬಹುದಲ್ಲವೇ?