ವಿಸ್ಕಿಯ ಭಟ್ಟಿಯನ್ನು ನೋಡಹೊರಡುವ ಮುನ್ನ

ಬೆಳಗಿನ ಹೊತ್ತು ಇಡ್ಲಿಯ ಪಾತ್ರೆಯ ಮುಚ್ಚಳವನ್ನು ತೆಗೆದವರೆಲ್ಲರೂ ಒಂದು ಸಂಗತಿಯನ್ನು ಗಮನಿಸಿರಬಹುದು. ಮುಚ್ಚಳದ ಒಳಮೈಯಲ್ಲಿ ನೀರಿನ ಹನಿಗಳು ಒತ್ತಾಗಿ ನಿಂತಿರುತ್ತವೆ. ಓರೆಮಾಡಿದೊಡನೆ ಅವು ಒಂದುಗೂಡಿ ಅಂಚಿನಿಂದ ತೊಟ್ಟಿಕ್ಕುತ್ತವೆ. ತಳದ ನೀರಿನಲ್ಲಿ ಉಪ್ಪಿದ್ದರೂ ಈ ಹನಿಗಳಲ್ಲಿ ಅದು ಇರುವುದಿಲ್ಲ. ದ್ರವವನ್ನು ಕಾಯಿಸಿ ಆವಿಯಾಗಿಸುವುದು, ಆ ಆವಿಯನ್ನು ತಣಿಸಿ ಮತ್ತೆ ದ್ರವವಾಗಿಸುವುದು—ಭಟ್ಟಿ ಇಳಿಸುವ ವಿದ್ಯೆಯ ಮೂಲ ಇಷ್ಟೇ. ಪ್ರಯೋಗಶಾಲೆಯ ಭಟ್ಟಿ ನೀರು, ಮದುವೆಮನೆಯ ಪನ್ನೀರು, ವಿಸ್ಕಿಯೆಂಬ ಮದ್ಯ—ಮೂರೂ ಈ ಒಂದೇ ವಿದ್ಯೆಯ ಮಕ್ಕಳು.

ಬೆಂಗಳೂರಿನ ದಂಡಿನ ಪ್ರದೇಶದ ನಮ್ಮ ಕಾಲೇಜಿನಲ್ಲಿ ಈ ಮಾತನ್ನು ಹೇಳಿದ ದಿನ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು, "ಹಾಗಾದರೆ ಒಂದು ವಿಸ್ಕಿಯ ಕಾರ್ಖಾನೆಯನ್ನೇ ನೋಡಿಬರೋಣ, ಸಾರ್" ಎಂದನು. ತರಗತಿ ನಕ್ಕಿತು. ನಗು ಅಡಗಿದ ಮೇಲೆ, ಕೃಷ್ಣರಾಜಪುರದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "೧೯೮೧ರಲ್ಲಿ ನಮ್ಮ ತಾತ ಸಾರಾಯಿ ಕುಡಿದು ಕಣ್ಣು ಕಳೆದುಕೊಂಡರು, ಸಾರ್. ಭಟ್ಟಿ ಇಳಿಸಿದರೆ ದ್ರವ ಶುದ್ಧವಾಗುತ್ತದೆ ಎಂದಿರಿ. ಹಾಗಾದರೆ ಅದರಲ್ಲಿ ವಿಷ ಎಲ್ಲಿಂದ ಬಂತು?"

ನಾನು ಒಡನೆಯೇ ಒಂದು ಉತ್ತರವನ್ನು ಕೊಟ್ಟೆ. ಮನೆಗೆ ಹೋಗಿ ಪುಸ್ತಕಗಳನ್ನು ತಿರುವಿದಾಗ ಆ ಉತ್ತರ ತಪ್ಪೆಂದು ತಿಳಿಯಿತು. ಪ್ರವಾಸದ ಯೋಜನೆ ಅಂದೇ ನಿಶ್ಚಯವಾಯಿತು. ತಮಾಷೆಗಾಗಿ ಅಲ್ಲ, ಆ ಪ್ರಶ್ನೆಯ ಸಲುವಾಗಿ. ಹೊರಡುವ ಮುನ್ನ ತಿಳಿದಿರಬೇಕಾದುದನ್ನು ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಎಲ್ಲಿಗೆ ಹೋಗುವುದು?

ವಿಸ್ಕಿ ಎಂದೊಡನೆ ಸ್ಕಾಟ್ಲೆಂಡಿನ ನೆನಪಾಗುವುದು ಸಹಜ. ಆದರೆ ನಾವು ಹಡಗನ್ನಾಗಲಿ ವಿಮಾನವನ್ನಾಗಲಿ ಏರಬೇಕಾಗಿಲ್ಲ. ರಾಧಾಕೃಷ್ಣ ಜಗದಾಳೆಯವರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯ ಭಟ್ಟಿಯು ಮೈಸೂರು ರಸ್ತೆಯ ಕಂಬೀಪುರದಲ್ಲಿದೆ. ಬಾರ್ಲಿಯ ಮೊಳಕೆಯೊಂದರಿಂದಲೇ ಒಂದೇ ಭಟ್ಟಿಯಲ್ಲಿ ತಯಾರಾಗುವ 'ಸಿಂಗಲ್ ಮಾಲ್ಟ್' ವಿಸ್ಕಿಯನ್ನು ಈ ಸಂಸ್ಥೆಯು ೨೦೦೪ರಲ್ಲಿ, ಸ್ಕಾಟ್ಲೆಂಡಿನದೇ ಆದ ಗ್ಲಾಸ್ಗೋ ನಗರದಲ್ಲಿ ಮೊದಲು ಮಾರಾಟಕ್ಕಿಟ್ಟಿತು. ಕೊಲ್ಲನ ಬೀದಿಯಲ್ಲಿ ಸೂಜಿ ಮಾರುವ ಸಾಹಸವೇ ಸರಿ! ಆದರೂ ೨೦೧೦ರ ತನ್ನ ವಿಸ್ಕಿ ಕೈಪಿಡಿಯಲ್ಲಿ ಜಿಮ್ ಮರ್ರಿ ಎಂಬ ಬರಹಗಾರನು ಇದೇ ಸಂಸ್ಥೆಯ 'ಫ್ಯೂಷನ್' ಎಂಬ ವಿಸ್ಕಿಗೆ ಜಗತ್ತಿನಲ್ಲೇ ಮೂರನೆಯ ಸ್ಥಾನವನ್ನು ಕೊಟ್ಟನು.

ದಾರಿಯೂ ಸುಲಭ. ೨೦೨೩ರ ಅಕ್ಟೋಬರಿನಿಂದ ಮೆಟ್ರೋದ ನೇರಳೆ ಮಾರ್ಗವು ಊರಿನ ಪೂರ್ವದ ತುದಿಯಿಂದ ಪಶ್ಚಿಮದ ತುದಿಯವರೆಗೆ ಎಡೆಬಿಡದೆ ಓಡುತ್ತಿದೆ. ಕೃಷ್ಣರಾಜಪುರದವರು, ಇಂದಿರಾನಗರದವರು, ಹಲಸೂರಿನವರು ತಮ್ಮ ತಮ್ಮ ನಿಲ್ದಾಣಗಳಲ್ಲಿ ಹತ್ತಬಹುದು; ಶಿವಾಜಿನಗರದವರು ಮಹಾತ್ಮ ಗಾಂಧಿ ರಸ್ತೆಯ ನಿಲ್ದಾಣಕ್ಕೆ ಬಂದು ಸೇರಿಕೊಳ್ಳಬೇಕು. ಕೆಂಗೇರಿಯನ್ನು ದಾಟಿ ಚಲ್ಲಘಟ್ಟದಲ್ಲಿ ಇಳಿದರೆ ಉಳಿದ ದಾರಿ ಸ್ವಲ್ಪವೇ.

ಧಾನ್ಯವು ಮದ್ಯವಾಗುವ ಬಗೆ

ಬಾರ್ಲಿಯ ಕಾಳಿನಲ್ಲಿರುವುದು ಪಿಷ್ಟ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ತಿನ್ನಬಲ್ಲುದೇ ಹೊರತು ಪಿಷ್ಟವನ್ನು ತಿನ್ನಲಾರದು. ಆದುದರಿಂದ ಕಾಳನ್ನು ನೆನೆಸಿ ಮೊಳಕೆ ಬರಿಸುತ್ತಾರೆ. ನಮ್ಮ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟಿ ಹುರಿಹಿಟ್ಟು ಮಾಡುವಾಗ ಅದು ಸಿಹಿಯಾಗುವುದನ್ನು ಬಲ್ಲಿರಷ್ಟೆ? ಮೊಳೆಯುವ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮೊಳಕೆಯನ್ನು ಒಣಗಿಸಿ, ಬೀಸಿ, ಬಿಸಿನೀರಿನಲ್ಲಿ ಕಲಸಿದಾಗ ಸಿಹಿಯಾದ ಕಷಾಯವೊಂದು ದೊರೆಯುತ್ತದೆ. ಅದಕ್ಕೆ ಯೀಸ್ಟನ್ನು ಬೆರೆಸಿ ಕೆಲವು ದಿನ ಹುಳಿಯಲು ಬಿಡುತ್ತಾರೆ.

ಇಲ್ಲಿ ನಡೆಯುವ ಲೆಕ್ಕವು ಅಚ್ಚುಕಟ್ಟಾದುದು. ಒಂದು ನೂರ ಎಂಬತ್ತು ಗ್ರಾಂ ಗ್ಲೂಕೋಸ್ ಪೂರ್ಣವಾಗಿ ಒಡೆದರೆ ೯೨ ಗ್ರಾಂ ಮದ್ಯಸಾರವೂ ೮೮ ಗ್ರಾಂ ಕಾರ್ಬನ್ ಡೈಆಕ್ಸೈಡೂ ಹುಟ್ಟುತ್ತವೆ. ಅಂದರೆ ಸಕ್ಕರೆಯ ತೂಕದ ಅರ್ಧದಷ್ಟು ಅನಿಲವಾಗಿ ಹೋಗುತ್ತದೆ. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ತೊಟ್ಟಿಯೊಳಗೆ ನೀರಿನಂತೆ ನಿಲ್ಲುತ್ತದೆ. ಬಗ್ಗಿ ಮೂಸಿ ನೋಡುವ ಕುತೂಹಲವನ್ನು ಪ್ರವಾಸಿಗಳು ಅಡಗಿಸಿಕೊಳ್ಳಬೇಕು. ಉಸಿರು ಕಟ್ಟುವ ಭಯವುಂಟು.

ಹೀಗೆ ಹುಳಿತ ದ್ರವದಲ್ಲಿ ಮದ್ಯಸಾರವು ನೂರಕ್ಕೆ ಎಂಟರಷ್ಟಿರುತ್ತದೆ. ಇದನ್ನು ಬಲಪಡಿಸುವ ಉಪಾಯವೇ ಭಟ್ಟಿ.

ತಾಮ್ರದ ಪಾತ್ರೆಯ ಮುಂದೆ

ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿಯಲ್ಲಿಯೂ ಶುದ್ಧ ಮದ್ಯಸಾರವು ೭೮.೪ ಡಿಗ್ರಿಯಲ್ಲಿಯೂ ಕುದಿಯುತ್ತವೆ. ಬೆಂಗಳೂರು ಸುಮಾರು ೯೦೦ ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆಯಾದ ಕಾರಣ ನೀರು ೯೭ ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಮದ್ಯಸಾರದ ಕುದಿಬಿಂದುವೂ ಹಾಗೆಯೇ ಕೆಲವು ಡಿಗ್ರಿ ಇಳಿಯುತ್ತದೆ.

ಇಲ್ಲಿ ಅನೇಕರು ಎಡವುತ್ತಾರೆ. ಎಪ್ಪತ್ತೆಂಟು ಡಿಗ್ರಿಗೆ ಕಾಯಿಸಿದರೆ ಮದ್ಯಸಾರವೆಲ್ಲ ಹಾರಿಹೋಗಿ ನೀರು ಹಿಂದುಳಿಯುತ್ತದೆಂದು ಭಾವಿಸುತ್ತಾರೆ. ಬೆರೆತ ದ್ರವಗಳು ಹಾಗೆ ಸರದಿಯಲ್ಲಿ ನಿಂತು ಒಂದೊಂದಾಗಿ ಹೊರಡುವುದಿಲ್ಲ. ಮಿಶ್ರಣಕ್ಕೆ ಅದರದೇ ಒಂದು ಕುದಿಬಿಂದುವಿದೆ. ಅದರ ಆವಿಯಲ್ಲಿ ಎರಡೂ ಇರುತ್ತವೆ, ಆದರೆ ಮದ್ಯಸಾರದ ಪಾಲು ದ್ರವದಲ್ಲಿದ್ದುದಕ್ಕಿಂತ ಹೆಚ್ಚಾಗಿರುತ್ತದೆ. ಆದುದರಿಂದ ಎಂಟರಷ್ಟಿದ್ದುದು ಮೊದಲ ಭಟ್ಟಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದಕ್ಕೂ, ಎರಡನೆಯ ಭಟ್ಟಿಯಲ್ಲಿ ಎಪ್ಪತ್ತರ ಸಮೀಪಕ್ಕೂ ಏರುತ್ತದೆ. ಎಷ್ಟು ಬಾರಿ ಭಟ್ಟಿ ಇಳಿಸಿದರೂ ಸಾಧಾರಣ ಒತ್ತಡದಲ್ಲಿ ತೂಕದಲ್ಲಿ ನೂರಕ್ಕೆ ೯೫.೬ನ್ನು ಮೀರಲಾಗದು. ಆ ಹಂತದಲ್ಲಿ ಆವಿಯ ಪಾಕವೂ ದ್ರವದ ಪಾಕವೂ ಒಂದೇ ಆಗಿಬಿಡುತ್ತವೆ.

ಪಾತ್ರೆಯು ತಾಮ್ರದ್ದಾಗಿರುವುದಕ್ಕೆ ಎರಡು ಕಾರಣಗಳುಂಟು. ತಾಮ್ರವು ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಮೇಲಾಗಿ, ಹುಳಿಯುವಾಗ ಹುಟ್ಟಿದ ಗಂಧಕದ ದುರ್ವಾಸನೆಯ ಸಂಯುಕ್ತಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆವಿಯನ್ನು ತಣಿಸುವ ಕೊಳವೆಗಳ ಬಳಿ ನಿಂತಾಗ ಜೋಸೆಫ್ ಬ್ಲ್ಯಾಕನನ್ನು ನೆನೆಯಬೇಕು. ೧೭೬೦ರ ದಶಕದ ಆರಂಭದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗುಪ್ತೋಷ್ಣದ ತತ್ತ್ವವನ್ನು ಬೆಳಕಿಗೆ ತಂದವನು ಅವನು. ಒಂದು ಗ್ರಾಂ ನೀರನ್ನು ಕುದಿಬಿಂದುವಿನಲ್ಲಿ ಆವಿಯಾಗಿಸಲು ಸುಮಾರು ೨೨೬೦ ಜೂಲ್ ಶಾಖ ಬೇಕು. ಮದ್ಯಸಾರಕ್ಕೆ ಸುಮಾರು ೮೫೦ ಸಾಕು. ಒಲೆಯಲ್ಲಿ ಕೊಟ್ಟ ಈ ಶಾಖವನ್ನೆಲ್ಲ ತಣ್ಣೀರು ಹಿಂದಕ್ಕೆ ಪಡೆಯಬೇಕು. ಭಟ್ಟಿಯ ಮನೆಗೆ ಸೌದೆಯಷ್ಟೇ ನೀರೂ ಏಕೆ ಬೇಕೆಂಬುದಕ್ಕೆ ಉತ್ತರ ಇಲ್ಲಿದೆ.

ಮದ್ಯಸಾರದ ಬಲವನ್ನು ಅಳೆಯುವ ಕ್ರಮಕ್ಕೂ ನಮ್ಮ ದಂಡಿಗೂ ನಂಟುಂಟು. ೧೮೦೯ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಪಡೆಗಳು ಹಲಸೂರಿನ ಕಡೆಗೆ ಬಂದು ನೆಲಸಿದ ಕಾಲದಲ್ಲಿ ಗೋರರ ಪಡಿತರದಲ್ಲಿ ಮದ್ಯವೂ ಸೇರಿತ್ತು. ನೀರು ಬೆರೆಸಿದ ಮದ್ಯವನ್ನು ಪತ್ತೆಮಾಡಲು ಅದನ್ನು ಮದ್ದಿನ ಪುಡಿಯ ಮೇಲೆ ಸುರಿದು ಕಿಡಿ ತಾಗಿಸುತ್ತಿದ್ದರಂತೆ. ಪುಡಿ ಹೊತ್ತಿಕೊಂಡರೆ ಮದ್ಯಕ್ಕೆ ಬಲವಿದೆಯೆಂದು ಪುರಾವೆ. 'ಪ್ರೂಫ್' ಎಂಬ ಮಾತು ಉಳಿದದ್ದು ಹೀಗೆ. ಬ್ರಿಟಿಷರ ೧೦೦ ಪ್ರೂಫ್ ಎಂದರೆ ಗಾತ್ರದಲ್ಲಿ ನೂರಕ್ಕೆ ೫೭.೧. ಮುಂದೆ ಆರ್ಕಿಮಿಡೀಸನ ತತ್ತ್ವವನ್ನು ಅವಲಂಬಿಸಿದ ಸೈಕ್ಸನ ದ್ರವಮಾಪಕವು ೧೮೧೬ರ ಶಾಸನದಿಂದ ಅಧಿಕೃತ ಅಳತೆಯಾಯಿತು. ತೇಲುವ ಬುರುಡೆಯು ಹೆಚ್ಚು ಮುಳುಗಿದಷ್ಟೂ ಮದ್ಯಸಾರ ಹೆಚ್ಚು.

ದೇವತೆಗಳ ಪಾಲು

ಭಟ್ಟಿಯಿಂದ ಇಳಿದ ದ್ರವಕ್ಕೆ ಬಣ್ಣವಿಲ್ಲ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇದ್ದು ಅದು ಹೊಂಬಣ್ಣವನ್ನೂ ಪರಿಮಳವನ್ನೂ ಪಡೆಯುತ್ತದೆ. ಸ್ಕಾಚ್ ವಿಸ್ಕಿಗೆ ಕನಿಷ್ಠ ೩ ವರ್ಷಗಳ ವಾಸವನ್ನು ಅಲ್ಲಿಯ ಕಾನೂನು ವಿಧಿಸಿದೆ. ಮರದ ಸೂಕ್ಷ್ಮರಂಧ್ರಗಳ ಮೂಲಕ ದ್ರವದ ಒಂದಂಶವು ಆವಿಯಾಗಿ ಹೊರಟುಹೋಗುತ್ತದೆ. ಈ ನಷ್ಟಕ್ಕೆ ಅಲ್ಲಿಯವರು 'ದೇವತೆಗಳ ಪಾಲು' ಎಂದು ಸೊಗಸಾದ ಹೆಸರನ್ನಿಟ್ಟಿದ್ದಾರೆ.

ಸ್ಕಾಟ್ಲೆಂಡಿನ ದೇವತೆಗಳು ಮಿತಾಹಾರಿಗಳು. ವರ್ಷಕ್ಕೆ ನೂರಕ್ಕೆ ಎರಡರಷ್ಟರಲ್ಲಿ ತೃಪ್ತರು. ಬೆಂಗಳೂರಿನ ದೇವತೆಗಳಿಗೆ ಹತ್ತರಿಂದ ಹನ್ನೆರಡು ಬೇಕು! ಪ್ರತಿವರ್ಷ ಉಳಿದುದರಲ್ಲಿ ನೂರಕ್ಕೆ ಹನ್ನೊಂದು ಹೋಗುತ್ತದೆಂದು ಇಟ್ಟುಕೊಂಡು ಲೆಕ್ಕ ಮಾಡೋಣ. ನೂರು ಲೀಟರಿನಲ್ಲಿ ಮೊದಲ ವರ್ಷದ ಕೊನೆಗೆ ೮೯ ಲೀಟರು, ಎರಡನೆಯದರ ಕೊನೆಗೆ ೭೯, ಎಂಟನೆಯದರ ಕೊನೆಗೆ ೩೯ ಲೀಟರು ಮಾತ್ರ ಉಳಿಯುತ್ತದೆ. ಸ್ಕಾಟ್ಲೆಂಡಿನಲ್ಲಾದರೆ ೮೫ ಲೀಟರು ಉಳಿದಿರುತ್ತದೆ. ಅರ್ಧ ಖಾಲಿಯಾಗಲು ಇಲ್ಲಿ ೬ ವರ್ಷ ಸಾಕು, ಅಲ್ಲಿ ೩೪ ವರ್ಷ ಬೇಕು. ರೇಡಿಯಂ ಕ್ಷಯಿಸುವುದಕ್ಕೂ ಪೀಪಾಯಿ ಬರಿದಾಗುವುದಕ್ಕೂ ಗಣಿತದ ಸೂತ್ರ ಒಂದೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕಾರಣವೇನು? ಸೆಕೆಯೆಂದು ಥಟ್ಟನೆ ಹೇಳಬಹುದು. ಮದ್ಯಸಾರದ ಆವಿಯ ಒತ್ತಡವು ೧೦ ಡಿಗ್ರಿಯಲ್ಲಿ ಪಾದರಸದ ೨೩ ಮಿಲಿಮೀಟರಿನಷ್ಟು, ೨೫ ಡಿಗ್ರಿಯಲ್ಲಿ ೫೯ರಷ್ಟು. ಅಂದರೆ ಎರಡೂವರೆ ಪಾಲು. ಆದರೆ ನಷ್ಟವು ಐದು ಪಾಲಾಗಿದೆ. ಹಾಗಾದರೆ ಉಷ್ಣತೆಯೊಂದೇ ಕಾರಣವಲ್ಲ. ನಮ್ಮ ಬೇಸಗೆಯ ಒಣಗಾಳಿಯು ನೀರನ್ನೂ ಹೀರುತ್ತದೆ. ಹಗಲಿನ ಕಾವಿಗೆ ದ್ರವ ಹಿಗ್ಗಿ ಮರದೊಳಕ್ಕೆ ನುಗ್ಗುತ್ತದೆ, ರಾತ್ರಿಯ ತಂಪಿಗೆ ಹಿಂದೆಗೆಯುತ್ತದೆ. ಈ ಏರಿಳಿತವು ಮರದ ಸಾರವನ್ನು ಬೇಗ ಇಳಿಸುವುದರಿಂದ ಇಲ್ಲಿಯ ವಿಸ್ಕಿಯು ಕೆಲವೇ ವರ್ಷಗಳಲ್ಲಿ ಪಕ್ವವಾಗುತ್ತದೆ. ನಷ್ಟದ ಜೊತೆಗೆ ಲಾಭವೂ ಉಂಟು.

ಆ ಹುಡುಗಿಯ ಪ್ರಶ್ನೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ೧೯೮೧ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನರು ಬಲಿಯಾದರು. ಅನೇಕರು ದೃಷ್ಟಿಯನ್ನು ಕಳೆದುಕೊಂಡರು. ೨೦೦೭ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆದರೂ ೨೦೦೮ರ ಮೇ ತಿಂಗಳಿನಲ್ಲಿ ಕರ್ನಾಟಕ ಮತ್ತು ತಮಿಳುನಾಡುಗಳ ಗಡಿಯ ಸೀಮೆಯಲ್ಲಿ ಅಂಥದೇ ದುರಂತ ಮರಳಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಸತ್ತವರು ಬಹುಮಟ್ಟಿಗೆ ಕೂಲಿ ಮಾಡಿ ಬದುಕುವ ಬಡವರು.

ಕೊಂದ ವಸ್ತು ಮೆಥನಾಲ್. ಬಣ್ಣದಲ್ಲಿ, ವಾಸನೆಯಲ್ಲಿ ಇದು ಮದ್ಯಸಾರವಾದ ಎಥನಾಲಿನ ಒಡಹುಟ್ಟಿನಂತಿದೆ. ನಾನು ತರಗತಿಯಲ್ಲಿ ಕೊಟ್ಟ ಉತ್ತರ ಇದು: "ಮೆಥನಾಲ್ ೬೪.೭ ಡಿಗ್ರಿಯಲ್ಲೇ ಕುದಿಯುವುದರಿಂದ ಮೊದಲು ಇಳಿಯುತ್ತದೆ; ಅಜ್ಞಾನಿಯಾದ ಭಟ್ಟಿಯವನು ಆ ಮೊದಲ ಭಾಗವನ್ನು ಚೆಲ್ಲದೆ ಬಿಟ್ಟಿರಬೇಕು." ಇದು ಪ್ರಚಲಿತವಾದ ನಂಬಿಕೆ, ಆದರೆ ತಪ್ಪು. ಬೆರೆತ ದ್ರವಗಳು ಸರದಿಯಲ್ಲಿ ಹೊರಡುವುದಿಲ್ಲವೆಂದು ಮೇಲೆ ಹೇಳಿದೆನಷ್ಟೆ? ನೀರು ಹೆಚ್ಚಾಗಿರುವ ಮಿಶ್ರಣದಲ್ಲಿ ಮೆಥನಾಲ್ ಭಟ್ಟಿಯ ಮೊದಲಿನಿಂದ ಕೊನೆಯವರೆಗೂ ಹಂಚಿಕೊಂಡು ಬರುತ್ತದೆ. ಮೇಲಾಗಿ, ಅದು ಹುಟ್ಟುವುದು ಹಣ್ಣುಗಳ ಪೆಕ್ಟಿನ್ನಿನಿಂದ. ಧಾನ್ಯದಲ್ಲಾಗಲಿ ಬೆಲ್ಲದಲ್ಲಾಗಲಿ ಪೆಕ್ಟಿನ್ ಅತ್ಯಲ್ಪ. ಅವುಗಳನ್ನು ಹುಳಿಸಿ ಭಟ್ಟಿ ಇಳಿಸಿದ ಮಾತ್ರಕ್ಕೆ ಜನರನ್ನು ಸಾಲುಸಾಲಾಗಿ ಕೊಲ್ಲುವಷ್ಟು ಮೆಥನಾಲ್ ಹುಟ್ಟಲಾರದು.

ಹಾಗಾದರೆ ಅದು ಎಲ್ಲಿಂದ ಬಂತು? ಇಂಥ ಸಾಮೂಹಿಕ ಸಾವುಗಳಲ್ಲಿ ವಿಷವು ಭಟ್ಟಿಯಿಂದ ಇಳಿದುದಲ್ಲ; ಹೊರಗಿನಿಂದ ಸೇರಿಸಿದ್ದು. ಬಣ್ಣ, ಅಂಟು ಮೊದಲಾದ ಉದ್ಯಮಗಳಿಗಾಗಿ ತಯಾರಾಗುವ ಮೆಥನಾಲ್ ಅಗ್ಗವಾದುದು. ಲಾಭದ ಆಸೆಗೆ ಅದನ್ನು ಮದ್ಯದಲ್ಲಿ ಬೆರೆಸಿ ಮಾರುತ್ತಾರೆ. ಕುಡಿದವನ ಪಿತ್ತಕೋಶದ ನೆರೆಯ ಯಕೃತ್ತಿನಲ್ಲಿ ಒಂದು ಕಿಣ್ವವು ಅದನ್ನು ಫಾರ್ಮಾಲ್ಡಿಹೈಡಾಗಿ ಮಾರ್ಪಡಿಸುತ್ತದೆ. ಅದು ಮತ್ತೆ ಫಾರ್ಮಿಕ್ ಆಮ್ಲವಾಗುತ್ತದೆ. ಇರುವೆ ಕಚ್ಚಿದಾಗ ಉರಿಯುವುದೂ ಇದೇ ಆಮ್ಲದಿಂದ. ಈ ಆಮ್ಲವು ಕಣ್ಣಿನ ನರವನ್ನು ಕೆಡಿಸುತ್ತದೆ. ಲಕ್ಷಣಗಳು ತೋರಲು ಹಲವು ಗಂಟೆಗಳು ಹಿಡಿಯುವುದರಿಂದ, ಕುಡಿದವನು ಚೆನ್ನಾಗಿಯೇ ಇದ್ದಾನೆಂದು ಮನೆಯವರು ಮಲಗಿಬಿಡುತ್ತಾರೆ. ಬೆಳಗ್ಗೆ ಎದ್ದಾಗ ಕಣ್ಣಿಗೆ ಮಂಜು ಕವಿದಿರುತ್ತದೆ. ಆದುದರಿಂದ ಸಂಶಯ ಬಂದ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆ ಕಿಣ್ವವನ್ನು ತಡೆಹಿಡಿಯುವ ಔಷಧವೂ, ರಕ್ತದ ಆಮ್ಲವನ್ನು ತೊಳೆಯುವ ಚಿಕಿತ್ಸೆಯೂ ವೈದ್ಯರ ಬಳಿ ಉಂಟು. ಮನೆಮದ್ದಿಗೆ ಇಲ್ಲಿ ಎಡೆಯಿಲ್ಲ.

ಮರುವಾರ ತರಗತಿಯಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡು ಇದನ್ನೆಲ್ಲ ವಿವರಿಸಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತಾತ ಕುಡಿದದ್ದು ಯಾರೋ ತಿಳಿಯದೆ ಮಾಡಿದ ತಪ್ಪಲ್ಲ, ಸಾರ್, ತಿಳಿದೇ ಬೆರೆಸಿದ್ದು" ಎಂದಳು. ನಾನು ಹೌದೆಂದೆ.

ಹೊರಡುವ ಸಿದ್ಧತೆ

ಪ್ರವಾಸಕ್ಕೆ ಕೆಲವು ಕಟ್ಟಳೆಗಳನ್ನು ಮಾಡಿಕೊಂಡಿದ್ದೇವೆ. ಕಾರ್ಖಾನೆಗೆ ಮೊದಲೇ ಪತ್ರ ಬರೆದು, ಎಷ್ಟು ವಯಸ್ಸಿನವರಿಗೆ ಪ್ರವೇಶವುಂಟೆಂದು ಕೇಳಿ ತಿಳಿದು, ಒಪ್ಪಿಗೆ ಬಂದ ಬಳಿಕವೇ ದಿನವನ್ನು ಗೊತ್ತುಮಾಡಬೇಕು. ತಂದೆತಾಯಿಗಳ ಅನುಮತಿಪತ್ರ ಬೇಕು. ರುಚಿ ನೋಡುವ ಮಾತೇ ಇಲ್ಲ; ಕಣ್ಣಿಗೂ ಮೂಗಿಗೂ ಮಾತ್ರ ಕೆಲಸ. ಭಟ್ಟಿಯ ಆವಿ ಬೇಗ ಹೊತ್ತಿಕೊಳ್ಳುವುದರಿಂದ ಬೆಂಕಿಯ ಯಾವ ಸಾಧನವೂ ಜೊತೆಗಿರಬಾರದು. ಪ್ರವೇಶ ದೊರೆಯದ ಕಿರಿಯರಿಗಾಗಿ ಪ್ರಯೋಗಶಾಲೆಯಲ್ಲಿ ಗಾಜಿನ ಉಪಕರಣವನ್ನು ಹೂಡಿ, ಉಪ್ಪುನೀರನ್ನು ಭಟ್ಟಿ ಇಳಿಸಿ ತೋರಿಸುತ್ತೇನೆ. ತತ್ತ್ವ ಅದೇ.

ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆಯನ್ನು ಬರೆದು ತರಬೇಕೆಂದು ಹೇಳಿದ್ದೆ. ಹಿಂದಿನ ಬೆಂಚಿನವನು ದೇವತೆಗಳ ಪಾಲಿನ ಲೆಕ್ಕವನ್ನು ಆರಿಸಿಕೊಂಡಿದ್ದಾನೆ. ಕೃಷ್ಣರಾಜಪುರದ ಹುಡುಗಿಯ ಚೀಟಿಯಲ್ಲಿ ಇರುವುದು ಒಂದೇ ಸಾಲು: ಇಲ್ಲಿ ತಯಾರಾಗುವ ಪ್ರತಿಯೊಂದು ಪೀಪಾಯಿಯಲ್ಲಿಯೂ ಮೆಥನಾಲ್ ಎಷ್ಟಿದೆಯೆಂದು ಯಾರು, ಯಾವ ಉಪಕರಣದಿಂದ ಪರೀಕ್ಷಿಸುತ್ತಾರೆ?

ಆ ಚೀಟಿಯನ್ನು ಪಟ್ಟಿಯ ಮೊದಲಿಗೆ ಇಟ್ಟಿದ್ದೇನೆ.